ನಿಮ್ಮ ಪ್ಲಾಟ್ ಫಂಕ್ಷನ್ ಯಾವ ಲೈಬ್ರರಿಗೆ ಸೇರಬೇಕು?

ಹುಬ್ಬಳ್ಳಿ-ಧಾರವಾಡದ ಎಂಜಿನಿಯರಿಂಗ್ ವಿದ್ಯಾರ್ಥಿಗಳು, ಕೃಷಿ ವಿಶ್ವವಿದ್ಯಾಲಯದ ಸಂಶೋಧಕರು, ಗದಗಿನ ಗಾಳಿಯಂತ್ರಗಳ ಅಂಕಿಅಂಶದ ಮೇಲೆ ಪ್ರಾಜೆಕ್ಟ್ ಮಾಡುವವರು ನನ್ನನ್ನು ಮತ್ತೆ ಮತ್ತೆ ಕೇಳುವ ಪ್ರಶ್ನೆ ಒಂದಿದೆ. "ಸರ್, ಒಂದು ಪ್ಲಾಟ್ ಫಂಕ್ಷನ್ ಬರೆದಿದ್ದೇವೆ, ಚೆನ್ನಾಗಿ ಓಡುತ್ತಿದೆ. ಎಲ್ಲರಿಗೂ ಸಿಗುವಂತೆ ಮಾಡಬೇಕು. ಇದನ್ನು ನಂಪೈಗೆ ಕಳಿಸಬೇಕೋ, ಸೈಪೈಗೋ, ಮ್ಯಾಟ್‌ಪ್ಲಾಟ್‌ಲಿಬ್‌ಗೋ?"

ಲೈಬ್ರರಿ ಎಂದರೆ ಯಾರು ಬೇಕಾದರೂ ಬಳಸಬಹುದಾದ ಸಿದ್ಧ ಕೋಡ್‌ಗಳ ಸಂಗ್ರಹ; ಈ ಮೂರೂ ಪೈಥಾನ್ ಭಾಷೆಯ ಲೈಬ್ರರಿಗಳು. ಪ್ಲಾಟ್ ಫಂಕ್ಷನ್ ಎಂದರೆ ಅಂಕಿಗಳನ್ನು ಕೊಟ್ಟರೆ ಚಿತ್ರ ಬಿಡಿಸುವ ಕೋಡ್. ಇಂಥ ಕೋಡ್ ತಿರಸ್ಕೃತವಾದಾಗ ಬರೆದವರು ತಮ್ಮ ಕೆಲಸವೇ ಕಳಪೆ ಎಂದು ಕುಗ್ಗುತ್ತಾರೆ. ಹೆಚ್ಚಿನ ಸಲ ಹಾಗಿರುವುದಿಲ್ಲ. ಕೋಡ್ ಸರಿಯಿರುತ್ತದೆ, ತಟ್ಟಿದ ಬಾಗಿಲು ತಪ್ಪಾಗಿರುತ್ತದೆ. ಸರಿಯಾದ ಬಾಗಿಲನ್ನು ಮೊದಲೇ ಗುರುತಿಸುವ ಕ್ರಮವನ್ನು ಇಲ್ಲಿ ಬರೆದಿದ್ದೇನೆ. ಉದಾಹರಣೆಗೆ ನಮ್ಮ ಕಡೆಯ ಮೂರು ವಿಷಯಗಳನ್ನು ಕೊನೆಯವರೆಗೂ ಹಿಡಿದುಕೊಳ್ಳೋಣ: ಕಪ್ಪತಗುಡ್ಡದ ಗಾಳಿ, ಧಾರವಾಡ ಜಿಲ್ಲೆಯ ಮಳೆ, ಬ್ಯಾಡಗಿ ಮಾರುಕಟ್ಟೆಯ ಮೆಣಸಿನಕಾಯಿ ಧಾರಣೆ.

ಮೊದಲು ಕೈಯಲ್ಲಿ ಏನೇನಿರಬೇಕು? ಓಡುವ ಕೋಡ್, ಇಪ್ಪತ್ತು-ಮೂವತ್ತು ಸಾಲಿನ ಸಣ್ಣ ಮಾದರಿ ದತ್ತಾಂಶ, ಕೋಡ್ ಹಂಚಿಕೊಳ್ಳುವ ತಾಣವಾದ ಗಿಟ್‌ಹಬ್‌ನಲ್ಲಿ ಒಂದು ಖಾತೆ, ಕೆಲವು ವಾರ ಕಾಯುವ ತಾಳ್ಮೆ. ಲೈಬ್ರರಿಗಳನ್ನು ನೋಡಿಕೊಳ್ಳುವ ನಿರ್ವಾಹಕರಲ್ಲಿ ಹಲವರು ತಮ್ಮ ಉದ್ಯೋಗದ ನಡುವೆ ಬಿಡುವು ಮಾಡಿಕೊಂಡು ಈ ಕೆಲಸ ಮಾಡುವವರು. ಉತ್ತರ ತಡವಾದರೆ ಅದನ್ನು ಅಸಡ್ಡೆ ಎಂದು ತಿಳಿಯಬೇಡಿ.

1. ಫಂಕ್ಷನ್ ಅನ್ನು ಎರಡಾಗಿ ಸೀಳಿ

ಇಡೀ ಲೇಖನದಲ್ಲಿ ಒಂದೇ ಹಂತವನ್ನು ನೆನಪಿಟ್ಟುಕೊಳ್ಳುವುದಾದರೆ ಇದನ್ನು ಇಟ್ಟುಕೊಳ್ಳಿ. ನಿಮ್ಮ ಫಂಕ್ಷನ್ ಒಳಗೆ ಎರಡು ಕೆಲಸಗಳು ಹೆಣೆದುಕೊಂಡಿರುತ್ತವೆ. ಒಂದು ಲೆಕ್ಕ, ಇನ್ನೊಂದು ಚಿತ್ರ. ಇವೆರಡನ್ನೂ ಬೇರೆ ಬೇರೆ ಫಂಕ್ಷನ್ ಮಾಡಿ. ಲೆಕ್ಕ ಮಾಡುವ ಭಾಗ ಅಂಕಿ ತೆಗೆದುಕೊಂಡು ಅಂಕಿಯನ್ನೇ ಹಿಂದಿರುಗಿಸಬೇಕು. ಚಿತ್ರದ ಭಾಗ ಆ ಸಿದ್ಧ ಅಂಕಿಗಳನ್ನು ಬಿಡಿಸಬೇಕು, ಅಷ್ಟೇ.

ದೊಡ್ಡ ಲೈಬ್ರರಿಗಳ ಒಳಗೂ ಇದೇ ವ್ಯವಸ್ಥೆ ಇದೆ. ಹಿಸ್ಟೋಗ್ರಾಮ್, ಅಂದರೆ ಯಾವ ಅಂತರದಲ್ಲಿ ಎಷ್ಟು ಅಂಕಿಗಳು ಬಿದ್ದಿವೆ ಎಂಬ ಎಣಿಕೆಯನ್ನು ನಂಪೈ ಮಾಡುತ್ತದೆ. ಅದನ್ನು ಕಂಬಗಳಾಗಿ ನಿಲ್ಲಿಸುವುದು ಮ್ಯಾಟ್‌ಪ್ಲಾಟ್‌ಲಿಬ್. ಮ್ಯಾಟ್‌ಪ್ಲಾಟ್‌ಲಿಬ್‌ನ ಬಾಕ್ಸ್‌ಪ್ಲಾಟ್ ಹೊರಗಿನಿಂದ ಒಂದೇ ಫಂಕ್ಷನ್ ಆಗಿ ಕಂಡರೂ ಒಳಗೆ ಎರಡಾಗಿದೆ: 'ಬಾಕ್ಸ್‌ಪ್ಲಾಟ್ ಸ್ಟ್ಯಾಟ್ಸ್' ಮಧ್ಯಮಾಂಕ (ನಡುವಿನ ಅಂಕಿ), ಚತುರ್ಥಕಗಳನ್ನು (ಕಾಲು, ಮುಕ್ಕಾಲು ಭಾಗದ ಅಂಕಿಗಳು) ಲೆಕ್ಕ ಹಾಕುತ್ತದೆ, 'ಬಿಎಕ್ಸ್‌ಪಿ' ಪೆಟ್ಟಿಗೆ ಬಿಡಿಸುತ್ತದೆ. ಬೇರೆ ವಿಧಾನದಲ್ಲಿ ಲೆಕ್ಕ ಮಾಡಿಕೊಂಡವರು ನೇರವಾಗಿ ಎರಡನೆಯದನ್ನು ಕರೆಯಬಹುದು.

ಸೀಳಿದ ಮೇಲೆ ಅರ್ಧಕ್ಕರ್ಧ ಪ್ರಶ್ನೆಗಳು ತಾವಾಗಿಯೇ ಬಗೆಹರಿಯುತ್ತವೆ. ಲೆಕ್ಕದ ಭಾಗಕ್ಕೆ ಒಂದು ಮನೆ, ಚಿತ್ರದ ಭಾಗಕ್ಕೆ ಇನ್ನೊಂದು ಮನೆ. ಕೆಲವೊಮ್ಮೆ ಸೀಳಿ ನೋಡಿದಾಗ ಚಿತ್ರದ ಭಾಗದಲ್ಲಿ ನಾಲ್ಕೇ ಸಾಲು ಉಳಿದಿರುತ್ತದೆ. ಆಗ ಹೊಸ ಪ್ಲಾಟ್ ಫಂಕ್ಷನ್ ಬೇಕಾಗಿಯೇ ಇರಲಿಲ್ಲ, ನಿಮ್ಮ ನಿಜವಾದ ಕೊಡುಗೆ ಲೆಕ್ಕದಲ್ಲಿದೆ ಎಂದು ತಿಳಿಯಿರಿ.

2. ಈಗಾಗಲೇ ಇದೆಯೇ ಎಂದು ಬೇರೆ ಬೇರೆ ಹೆಸರಿನಲ್ಲಿ ಹುಡುಕಿ

ಇಲ್ಲಿ ಎಡವುವವರು ಬಹಳ ಜನ. ಒಂದೇ ಚಿತ್ರಕ್ಕೆ ಒಂದೊಂದು ಲೈಬ್ರರಿಯಲ್ಲಿ ಒಂದೊಂದು ಹೆಸರು. ದತ್ತಾಂಶವು ಒಂದು ನಿರ್ದಿಷ್ಟ ಹಂಚಿಕೆಯನ್ನು, ಅಂದರೆ ಅಂಕಿಗಳು ಹರಡಿಕೊಳ್ಳುವ ಗಣಿತದ ವಿನ್ಯಾಸವನ್ನು ಅನುಸರಿಸುತ್ತದೆಯೇ ಎಂದು ಪರೀಕ್ಷಿಸುವ ಕ್ಯೂ-ಕ್ಯೂ ಚಿತ್ರ ಸಂಖ್ಯಾಶಾಸ್ತ್ರದ ಲೈಬ್ರರಿ ಸ್ಟ್ಯಾಟ್ಸ್‌ಮಾಡೆಲ್ಸ್‌ನಲ್ಲಿ 'ಕ್ಯೂಕ್ಯೂಪ್ಲಾಟ್' ಆಗಿದೆ. ಅದರ ಹತ್ತಿರದ ಬಂಧು ಸೈಪೈನಲ್ಲಿ 'ಪ್ರಾಬ್‌ಪ್ಲಾಟ್'. ಇಂದಿನ ಅಂಕಿಗೂ ನಿನ್ನೆಯ ಅಂಕಿಗೂ ಎಷ್ಟು ನಂಟು ಎಂದು ತೋರಿಸುವ ಸ್ವಸಹಸಂಬಂಧದ ಚಿತ್ರ ಕೋಷ್ಟಕಗಳನ್ನು ನಿಭಾಯಿಸುವ ಲೈಬ್ರರಿ ಪಾಂಡಾಸ್‌ನಲ್ಲಿ ಒಂದು ಹೆಸರಿನಲ್ಲಿ, ಸ್ಟ್ಯಾಟ್ಸ್‌ಮಾಡೆಲ್ಸ್‌ನಲ್ಲಿ ಇನ್ನೊಂದರಲ್ಲಿ, ಮ್ಯಾಟ್‌ಪ್ಲಾಟ್‌ಲಿಬ್‌ನಲ್ಲಿ ಮತ್ತೊಂದರಲ್ಲಿ ಇದೆ.

ಬ್ಯಾಡಗಿ ಧಾರಣೆಯನ್ನು ತೆಗೆದುಕೊಳ್ಳಿ. 'ಈ ಬೆಲೆಗಿಂತ ಕಡಿಮೆಗೆ ಮಾರಾಟವಾದ ದಿನಗಳು ಶೇಕಡ ಎಷ್ಟು' ಎಂದು ಮೆಟ್ಟಿಲುಮೆಟ್ಟಿಲಾಗಿ ತೋರಿಸುವ ಚಿತ್ರಕ್ಕೆ ಇಸಿಡಿಎಫ್ ಎನ್ನುತ್ತಾರೆ. ಅದು ಚಿತ್ರದ ಲೈಬ್ರರಿ ಸೀಬಾರ್ನ್‌ನ 0.11 ಆವೃತ್ತಿಯಲ್ಲಿ 2020ರಲ್ಲಿ ಬಂತು. 2023ರಲ್ಲಿ ಸೈಪೈ 1.11ರಲ್ಲೂ, ಅದೇ ವರ್ಷ ಮ್ಯಾಟ್‌ಪ್ಲಾಟ್‌ಲಿಬ್ 3.8ರಲ್ಲೂ ಬಂತು. ಒಂದೇ ಕಲ್ಪನೆ ಮೂರು ಕಡೆ ಏಕೆ? ಪ್ರತಿ ಮನೆಯೂ ತನಗೆ ಸೇರಿದ ಪಾಲನ್ನು ಮಾತ್ರ ತೆಗೆದುಕೊಂಡಿದೆ. ಸೀಬಾರ್ನ್‌ನಲ್ಲಿ ಕೋಷ್ಟಕದ ಕಾಲಂ ಹೆಸರು ಕೊಟ್ಟರೆ ಗುಂಪುಗುಂಪಾಗಿ ಬಣ್ಣ ಹಚ್ಚುತ್ತದೆ. ಸೈಪೈನಲ್ಲಿ ಅಪೂರ್ಣ ದತ್ತಾಂಶ, ಅಂದರೆ 'ಇಷ್ಟಕ್ಕಿಂತ ಹೆಚ್ಚು ಎಂದು ಗೊತ್ತು, ನಿಖರ ಅಂಕಿ ಗೊತ್ತಿಲ್ಲ' ಎಂಬಂಥದ್ದನ್ನೂ ಲೆಕ್ಕಕ್ಕೆ ಹಿಡಿಯುವ ವ್ಯವಸ್ಥೆ ಇದೆ. ಮ್ಯಾಟ್‌ಪ್ಲಾಟ್‌ಲಿಬ್ ಮೆಟ್ಟಿಲು ಬಿಡಿಸಿ ಸುಮ್ಮನಾಗುತ್ತದೆ. ಯಾವ ಗುಣ ಯಾವ ಮನೆಯದು ಎಂಬುದಕ್ಕೆ ಇದಕ್ಕಿಂತ ಒಳ್ಳೆಯ ಪಾಠ ನನಗೆ ಸಿಕ್ಕಿಲ್ಲ.

ಎಚ್ಚರಿಕೆ: ಆಯಾ ಲೈಬ್ರರಿಯ ಗಿಟ್‌ಹಬ್ ಪುಟದಲ್ಲಿ ಮುಚ್ಚಿಹೋದ ಹಳೆಯ ಮನವಿಗಳನ್ನೂ ಹುಡುಕಿ. ನಿಮ್ಮಂತೆಯೇ ಯೋಚಿಸಿದವರು ನಿಮಗಿಂತ ಮೊದಲೇ ಕೇಳಿರುತ್ತಾರೆ, ಬೇಡ ಎಂದದ್ದಕ್ಕೆ ಕಾರಣವೂ ಅಲ್ಲೇ ಬರೆದಿರುತ್ತದೆ.

3. ಪ್ರತಿ ಮನೆಯ ಸ್ವಭಾವ ತಿಳಿದುಕೊಳ್ಳಿ

ನಂಪೈ: ಚಿತ್ರ ಬಿಡಿಸುವುದಿಲ್ಲ. ಅಲ್ಲಿಗೆ ಪ್ಲಾಟ್ ಫಂಕ್ಷನ್ ಒಯ್ಯಲೇಬೇಡಿ.

ಸೈಪೈ: ಇದು ಲೆಕ್ಕದ ಮನೆ. ಓಡುವಾಗ ಇದಕ್ಕೆ ಕಡ್ಡಾಯವಾಗಿ ಬೇಕಾದದ್ದು ನಂಪೈ ಒಂದೇ. ಹೀಗೆ ಒಂದು ಲೈಬ್ರರಿ ಓಡಲು ಬೇಕಾಗುವ ಇತರ ಲೈಬ್ರರಿಗಳಿಗೆ ಅವಲಂಬನೆ ಎನ್ನುತ್ತಾರೆ. ಅವಲಂಬನೆ ಹೆಚ್ಚಾದಷ್ಟೂ ಎಲ್ಲೋ ಒಂದು ಕಡೆ ಅಳವಡಿಕೆ ಮುರಿಯುವ ಸಾಧ್ಯತೆ ಹೆಚ್ಚು. ಕಾಲೇಜು ಲ್ಯಾಬಿನ ಹಳೆಯ ಕಂಪ್ಯೂಟರುಗಳಲ್ಲಿ ಇದನ್ನು ನೀವೇ ಅನುಭವಿಸಿರುತ್ತೀರಿ. ಆದ್ದರಿಂದ ಸೈಪೈನಲ್ಲಿ ಚಿತ್ರದ ಫಂಕ್ಷನ್‌ಗಳು ಬೆರಳೆಣಿಕೆಯಷ್ಟು ಮಾತ್ರ: ಗುಂಪುಗಳ ವಂಶವೃಕ್ಷದಂಥ ಡೆಂಡ್ರೋಗ್ರಾಮ್, ಪ್ರತಿ ಬಿಂದುವಿಗೆ ಅದರ ಹತ್ತಿರದ ಜಾಗ ಹಂಚುವ ವೊರೊನಾಯ್ ವಿಭಜನೆ, ಬಿಂದುಗಳನ್ನು ಜೋಡಿಸುವ ಡೆಲೋನೆ ತ್ರಿಕೋನಗಳು, ಬಿಂದುಗಳ ಹೊರಕವಚ, ಮೇಲೆ ಹೇಳಿದ ಪ್ರಾಬ್‌ಪ್ಲಾಟ್, ಇನ್ನು ಕೆಲವು. ಇವುಗಳಲ್ಲಿ ಹೆಚ್ಚಿನವುಗಳ ಲೆಕ್ಕದ ಉತ್ತರ ಬರಿಯ ಅಂಕಿಗಳ ರಾಶಿಯಾಗಿ ಬರುತ್ತದೆ, ಬಿಡಿಸಿ ನೋಡದೆ ತಲೆಬುಡ ತಿಳಿಯುವುದಿಲ್ಲ. ಮ್ಯಾಟ್‌ಪ್ಲಾಟ್‌ಲಿಬ್ ಇಲ್ಲದಿದ್ದರೂ ಉಳಿದ ಸೈಪೈ ನಿರಾತಂಕವಾಗಿ ಓಡುತ್ತದೆ. ಡೆಂಡ್ರೋಗ್ರಾಮ್‌ಗಂತೂ 'ಚಿತ್ರ ಬೇಡ, ನಿರ್ದೇಶಾಂಕಗಳನ್ನಷ್ಟೇ ಕೊಡು' ಎಂದು ಹೇಳುವ ಸೌಲಭ್ಯವಿದೆ.

ಮ್ಯಾಟ್‌ಪ್ಲಾಟ್‌ಲಿಬ್: ನರವಿಜ್ಞಾನದ ಸಂಶೋಧಕರಾಗಿದ್ದ ಜಾನ್ ಹಂಟರ್ 2003ರಲ್ಲಿ ಹೊರತಂದ ಇದು ಎಲ್ಲರಿಗೂ ಬೇಕಾಗುವ ಸಾಮಾನ್ಯ ಚಿತ್ರಗಳ ಮನೆ. ಒಂದು ಕ್ಷೇತ್ರದವರಿಗಷ್ಟೇ ಬೇಕಾದದ್ದಕ್ಕೆ ಇಲ್ಲಿ ಜಾಗ ಸಿಗುವುದು ಕಷ್ಟ. ಹಿಂದೆ ಷೇರು ಬೆಲೆಗಳ ಕ್ಯಾಂಡಲ್ ಚಿತ್ರ ಬಿಡಿಸುವ ಹಣಕಾಸು ವಿಭಾಗ ಇದರೊಳಗೇ ಇತ್ತು. ಆಮೇಲೆ ಅದನ್ನು ಹೊರತೆಗೆದು ಪ್ರತ್ಯೇಕ ಪ್ಯಾಕೇಜ್ ಮಾಡಿದರು. ಒಳಗಿದ್ದದ್ದನ್ನೇ ಹೊರಗೆ ಕಳಿಸಿದ ಮನೆಗೆ ಅಂಥದ್ದನ್ನೇ ಹೊತ್ತುಕೊಂಡು ಹೋಗಬೇಡಿ.

ಸ್ಟ್ಯಾಟ್ಸ್‌ಮಾಡೆಲ್ಸ್: ದತ್ತಾಂಶಕ್ಕೆ ಗಣಿತದ ಮಾದರಿ (ಮಾಡೆಲ್) ಹೊಂದಿಸಿದ ಮೇಲೆ ಅದರ ಗುಣದೋಷ ನೋಡುವ ಚಿತ್ರಗಳಿಗೆ ಇದು ಸಹಜ ತವರು. ಸೀಬಾರ್ನ್ ಕೋಷ್ಟಕ ರೂಪದ ದತ್ತಾಂಶದ ಸಂಖ್ಯಾಶಾಸ್ತ್ರೀಯ ಚಿತ್ರಗಳಿಗೆ ಮೀಸಲು. ಅದರ ವಿನ್ಯಾಸ ಬಹಳ ಬಿಗಿಯಾದದ್ದು, ಒಂಟಿ ಫಂಕ್ಷನ್ ಅಲ್ಲಿ ಸುಲಭವಾಗಿ ಹೊಂದುವುದಿಲ್ಲ. ಪಾಂಡಾಸ್‌ನ 'ಪ್ಲಾಟ್' ಚಿತ್ರದ ಲೈಬ್ರರಿಗಳಿಗೆ ಸೇತುವೆ, 2019ರ 0.25 ಆವೃತ್ತಿಯಿಂದ ಆ ಕೆಲಸವನ್ನು ಬೇರೆ ಲೈಬ್ರರಿಗೂ ವಹಿಸಿಕೊಡಬಹುದಾಗಿದೆ.

ಸೈಕಿಟ್-ಲರ್ನ್: ಯಂತ್ರಕಲಿಕೆಯ ಫಲಿತಾಂಶ ಅಳೆಯುವ ಚಿತ್ರಗಳು ಇಲ್ಲಿವೆ. ಬಾಗಿಲು ಕಾಯುವುದರಲ್ಲಿ ಇವರು ಕಟ್ಟುನಿಟ್ಟು: ಹೊಸ ಅಲ್ಗಾರಿದಮ್ ಸೇರಬೇಕಾದರೆ ಅದು ಪ್ರಕಟವಾಗಿ ಕನಿಷ್ಠ 3 ವರ್ಷವಾಗಿರಬೇಕು, 200ಕ್ಕೂ ಹೆಚ್ಚು ಉಲ್ಲೇಖಗಳಿರಬೇಕು ಎಂಬ ಅಳತೆಗೋಲನ್ನು ಬಹಿರಂಗವಾಗಿಯೇ ಇಟ್ಟಿದ್ದಾರೆ.

ಕ್ಷೇತ್ರದ ಲೈಬ್ರರಿಗಳು: ಹವಾಮಾನಕ್ಕೆ ಮೆಟ್‌ಪೈ, ಭೂಪಟಕ್ಕೆ ಕಾರ್ಟೋಪೈ, ಖಗೋಳಕ್ಕೆ ಆಸ್ಟ್ರೋಪೈ. ವಿದ್ಯಾರ್ಥಿಗಳು ಇವುಗಳನ್ನು ಸಣ್ಣವು ಎಂದು ಕಡೆಗಣಿಸುವುದು ನನಗೆ ನೋವು ತರುತ್ತದೆ. ನಿಮ್ಮ ಚಿತ್ರದ ಬೆಲೆ ಗೊತ್ತಿರುವ ಓದುಗರು ಇರುವುದು ಇಲ್ಲೇ.

ಪೈಥಾನ್ ಬಿಟ್ಟು ಬೇರೆ ಭಾಷೆಯಲ್ಲಿ ಬರೆದಿದ್ದರೆ? ಗಣಿತದ ಲೆಕ್ಕಗಳಿಗೆ ಬಳಸುವ ಆಕ್ಟೇವ್‌ನಲ್ಲಿ ಮೂಲ ತಂತ್ರಾಂಶ ಬೇರೆ, ಸಿಗ್ನಲ್, ಸ್ಟ್ಯಾಟಿಸ್ಟಿಕ್ಸ್‌ನಂಥ ಪ್ಯಾಕೇಜುಗಳು ಬೇರೆ. ಕ್ಷೇತ್ರದ ಚಿತ್ರವಾದರೆ ಪ್ಯಾಕೇಜಿಗೆ. ಆರ್ ಭಾಷೆಯಲ್ಲಿ ಚಿತ್ರದ ಲೈಬ್ರರಿ ಜಿಜಿಪ್ಲಾಟ್2ಕ್ಕೆ ಪೂರಕ ಪ್ಯಾಕೇಜ್ ಮಾಡುವುದು ವಾಡಿಕೆ. ಜೂಲಿಯಾದಲ್ಲಿ ಒಂದು ಸೊಗಸಾದ ವ್ಯವಸ್ಥೆ ಇದೆ: 'ರೆಸಿಪಿ' ಎಂಬ ಸೂಚನೆಯನ್ನಷ್ಟೇ ನಿಮ್ಮ ಲೆಕ್ಕದ ಪ್ಯಾಕೇಜಿನಲ್ಲಿ ಬರೆದಿಟ್ಟರೆ ಸಾಕು, ದೊಡ್ಡ ಚಿತ್ರ ಲೈಬ್ರರಿಯನ್ನು ಅವಲಂಬನೆಯಾಗಿ ಎಳೆದುಕೊಳ್ಳಬೇಕಿಲ್ಲ.

4. ಮೂರು ಉದಾಹರಣೆಗಳ ಮೇಲೆ ತೀರ್ಮಾನ ಮಾಡಿ ನೋಡಿ

ಗಾಳಿಯಿಂದ ಆರಂಭಿಸೋಣ. ಕಪ್ಪತಗುಡ್ಡದ ಮೇಲೆ ಯಾವ ದಿಕ್ಕಿನಿಂದ, ಎಷ್ಟು ಹೊತ್ತು, ಎಷ್ಟು ವೇಗದಲ್ಲಿ ಗಾಳಿ ಬೀಸಿತು ಎಂದು ವೃತ್ತಾಕಾರದಲ್ಲಿ ತೋರಿಸುವ ಚಿತ್ರ ವಿಂಡ್‌ರೋಸ್. ಇದರಲ್ಲಿ ಕ್ಷೇತ್ರದ ಜ್ಞಾನ ತುಂಬಿಕೊಂಡಿದೆ. ಹವಾಮಾನದವರು ಗಾಳಿ ಬರುವ ದಿಕ್ಕನ್ನು ಹೇಳುತ್ತಾರೆ, ಹೋಗುವ ದಿಕ್ಕನ್ನಲ್ಲ. ಅವರ ಸೊನ್ನೆ ಉತ್ತರಕ್ಕಿದೆ, ಕೋನ ಗಡಿಯಾರದ ಮುಳ್ಳಿನಂತೆ ಹೆಚ್ಚುತ್ತದೆ. ಮ್ಯಾಟ್‌ಪ್ಲಾಟ್‌ಲಿಬ್‌ನ ಧ್ರುವೀಯ ಅಕ್ಷದಲ್ಲಿ ಸೊನ್ನೆ ಇರುವುದು ಬಲಗಡೆ, ಅಂದರೆ ಪೂರ್ವಕ್ಕೆ. ಕೋನ ಹೆಚ್ಚುವುದು ವಿರುದ್ಧ ದಿಕ್ಕಿಗೆ. ಎರಡು ಸಾಲಿನಲ್ಲಿ ಸರಿಪಡಿಸಬಹುದು. ಸರಿಪಡಿಸದಿದ್ದರೆ ಮುಂಗಾರಿನ ನೈಋತ್ಯ ಗಾಳಿ ಬೇರೆಲ್ಲಿಂದಲೋ ಬಂದಂತೆ ಕಾಣುತ್ತದೆ. ಲೆಕ್ಕದಲ್ಲಿ ಇನ್ನೊಂದು ಬಲೆ ಇದೆ: 359 ಡಿಗ್ರಿ ಮತ್ತು 1 ಡಿಗ್ರಿಯ ಸಾಮಾನ್ಯ ಸರಾಸರಿ 180 ಬರುತ್ತದೆ. ಉತ್ತರದ ಗಾಳಿ ದಕ್ಷಿಣದ್ದಾಗಿಬಿಡುತ್ತದೆ! ವೃತ್ತೀಯ ಸರಾಸರಿ ಬೇಕು, ಅದು ಸೈಪೈನಲ್ಲಿ 'ಸರ್ಕ್‌ಮೀನ್' ಎಂಬ ಹೆಸರಿನಲ್ಲಿ ಈಗಾಗಲೇ ಇದೆ. ಚಿತ್ರಕ್ಕೂ 'ವಿಂಡ್‌ರೋಸ್' ಎಂಬ ಪ್ರತ್ಯೇಕ ಪ್ಯಾಕೇಜ್ ಇದೆ. ಹಾಗಾಗಿ ತೀರ್ಮಾನ: ನಿಮ್ಮ ಫಂಕ್ಷನ್‌ನಲ್ಲಿ ಹೊಸದೇನಿದೆಯೋ ಅದನ್ನು ಮಾತ್ರ ಬೇರ್ಪಡಿಸಿ ಆ ಪ್ಯಾಕೇಜಿಗೆ ಕಳಿಸಿ.

ಮಳೆ. ಅಳ್ನಾವರದ ಕಡೆಯ ಮಳೆಯೇ ಬೇರೆ, ನವಲಗುಂದದ ಎರೆಹೊಲದ ಮಳೆಯೇ ಬೇರೆ. ಎರಡೂ ಕಡೆಯ ದಿನದಿನದ ಮಳೆ ಗ್ಯಾಮಾ ಹಂಚಿಕೆಗೆ ಹೊಂದುತ್ತದೆಯೇ ಎಂದು ನೋಡಲು ಕ್ಯೂ-ಕ್ಯೂ ಚಿತ್ರ ಬರೆದಿದ್ದೀರಿ ಎನ್ನೋಣ. ಚಿತ್ರದ ಭಾಗ ಈಗಾಗಲೇ ಎರಡು ಕಡೆ ಇದೆ, ಹಂಚಿಕೆಯನ್ನು ಬದಲಿಸಿ ಕೊಡುವ ಸೌಲಭ್ಯವೂ ಇದೆ. ಆದರೆ ನಮ್ಮ ದತ್ತಾಂಶದಲ್ಲಿ ಮಳೆಯೇ ಬಾರದ ದಿನಗಳ ಸೊನ್ನೆಗಳು ತುಂಬಿರುತ್ತವೆ. ಆ ಸೊನ್ನೆಗಳನ್ನು ಬೇರೆಯಾಗಿ ನಿಭಾಯಿಸುವ ಲೆಕ್ಕವನ್ನು ನೀವು ಬರೆದಿದ್ದರೆ ನಿಜವಾದ ಕೊಡುಗೆ ಅದೇ. ಅದು ಸ್ಟ್ಯಾಟ್ಸ್‌ಮಾಡೆಲ್ಸ್ ಕಡೆಗೆ ಹೋಗಬೇಕಾದ ಪ್ರಸ್ತಾಪ. ಚಿತ್ರವನ್ನು ಅದರ ಜೊತೆಗಿನ ಉದಾಹರಣೆಯಾಗಿ ಇಡಿ.

ಬ್ಯಾಡಗಿ ಧಾರಣೆ. ಹಲವರು ಇದಕ್ಕೆ ಕ್ಯಾಂಡಲ್ ಚಿತ್ರ ಬರೆದು ಹಣಕಾಸು ಚಿತ್ರಗಳ ಪ್ಯಾಕೇಜ್ ಎಂಪಿಎಲ್‌ಫೈನಾನ್ಸ್‌ಗೆ ಸೇರಿಸಬೇಕು ಎನ್ನುತ್ತಾರೆ. ಸ್ವಲ್ಪ ನಿಲ್ಲಿ. ಕ್ಯಾಂಡಲ್‌ಗೆ ದಿನದ ಆರಂಭದ ಬೆಲೆ, ಅಂತ್ಯದ ಬೆಲೆ, ಗರಿಷ್ಠ, ಕನಿಷ್ಠ ಈ ನಾಲ್ಕೂ ಬೇಕು. ಕೃಷಿ ಮಾರುಕಟ್ಟೆಯ ದೈನಿಕ ವರದಿಯಲ್ಲಿ ಸಿಗುವುದು ಕನಿಷ್ಠ, ಗರಿಷ್ಠ ಮತ್ತು ಮಾದರಿ ಬೆಲೆ, ಅಂದರೆ ಹೆಚ್ಚು ಮಾಲು ಯಾವ ದರಕ್ಕೆ ಹೋಯಿತೋ ಅದು. ಆರಂಭ, ಅಂತ್ಯಗಳು ಇಲ್ಲವೇ ಇಲ್ಲ. ಇಲ್ಲದ ಅಂಕಿಗಳನ್ನು ಕಲ್ಪಿಸಿಕೊಂಡು ಕ್ಯಾಂಡಲ್ ಬಿಡಿಸಿದರೆ ರೈತರಿಗೆ ಸುಳ್ಳು ಚಿತ್ರ ತೋರಿಸಿದಂತೆ. ಕನಿಷ್ಠದಿಂದ ಗರಿಷ್ಠಕ್ಕೆ ಒಂದು ಲಂಬ ಗೆರೆ, ಮಾದರಿ ಬೆಲೆಗೆ ಒಂದು ಚುಕ್ಕೆ ಸಾಕು. ಮ್ಯಾಟ್‌ಪ್ಲಾಟ್‌ಲಿಬ್‌ನಲ್ಲಿ ಇರುವ ಫಂಕ್ಷನ್‌ಗಳಿಂದಲೇ ಮೂರು ಸಾಲಿನಲ್ಲಿ ಆಗುತ್ತದೆ. ಇದು ಹೊಸ ಫಂಕ್ಷನ್ ಆಗಬೇಕಿಲ್ಲ, ಒಂದು ಒಳ್ಳೆಯ ಬರಹವೋ ಉದಾಹರಣೆಯೋ ಆದರೆ ಸಾಕು.

5. ಕೋಡ್ ಕಳಿಸುವ ಮೊದಲು ಕೇಳಿ

ಪುಲ್ ರಿಕ್ವೆಸ್ಟ್ ಎಂದರೆ 'ನನ್ನ ಈ ಬದಲಾವಣೆಯನ್ನು ಮೂಲ ಕೋಡಿಗೆ ಸೇರಿಸಿಕೊಳ್ಳಿ' ಎಂಬ ಮನವಿ. ಎಂಟುನೂರು ಸಾಲಿನ ಮನವಿಯನ್ನು ಮುನ್ಸೂಚನೆ ಇಲ್ಲದೆ ಕಳಿಸಬೇಡಿ. ಹೊಸ ಸೌಲಭ್ಯವಾದರೆ ಮೊದಲು ಪ್ರಸ್ತಾಪ ಮುಂದಿಟ್ಟು ಚರ್ಚಿಸಿ ಎಂದು ಸೈಪೈ ಸ್ಪಷ್ಟವಾಗಿಯೇ ಹೇಳುತ್ತದೆ. ಪ್ರಸ್ತಾಪ ಹತ್ತು-ಹನ್ನೆರಡು ಸಾಲು ಮೀರದಿರಲಿ: ಯಾವ ಸಮಸ್ಯೆ, ಈಗಿರುವ ಫಂಕ್ಷನ್‌ಗಳಿಂದ ಏಕೆ ಆಗುವುದಿಲ್ಲ, ಯಾರಿಗೆ ಬೇಕು, ಒಂದು ಮಾದರಿ ಚಿತ್ರ. 'ನಮ್ಮ ಪ್ರಾಜೆಕ್ಟಿಗೆ ಅಂಕ ಬೇಕು, ಇದೇ ತಿಂಗಳೊಳಗೆ ಸೇರಿಸಿ' ಎಂದು ಬರೆಯಬೇಡಿ. ಹಾಗೆ ಬರೆದವರನ್ನು ನಾನು ಬಲ್ಲೆ. ಅವರ ಕೋಡ್ ಚೆನ್ನಾಗಿತ್ತು, ಆದರೂ ಮಾತುಕತೆ ಅಲ್ಲಿಗೇ ನಿಂತುಹೋಯಿತು.

6. ಯಾವ ಮನೆಗೂ ಒಗ್ಗುವಂತೆ ಬರೆಯಿರಿ

ಫಂಕ್ಷನ್ ತಾನೇ ಹೊಸ ಹಾಳೆ ತೆರೆಯಬಾರದು. ಕರೆದವರು ಕೊಟ್ಟ ಅಕ್ಷದ ಮೇಲೆ, ಅಂದರೆ ಚಿತ್ರ ಬಿಡಿಸುವ ಚೌಕಟ್ಟಿನ ಮೇಲೆ ಬಿಡಿಸಬೇಕು; ಕೊಡದಿದ್ದಾಗ ಮಾತ್ರ ಹೊಸದು. ಒಳಗೆ 'ಶೋ' ಕರೆಯಬೇಡಿ, ತೋರಿಸುವುದು ಬಳಸುವವರ ಹಕ್ಕು. ಇಡೀ ಕಾರ್ಯಕ್ರಮದ ಬಣ್ಣ, ಅಕ್ಷರಗಾತ್ರದ ಸಾಮಾನ್ಯ ಸೆಟ್ಟಿಂಗ್‌ಗಳನ್ನು ಒಳಗಿನಿಂದ ಬದಲಿಸಬೇಡಿ. ಬಿಡಿಸಿದ ಗೆರೆ, ಚುಕ್ಕೆಗಳನ್ನು ಹಿಂದಿರುಗಿಸಿ. ಆಮೇಲೆ ಅವರು ತಮಗೆ ಬೇಕಾದಂತೆ ತಿದ್ದಿಕೊಳ್ಳುತ್ತಾರೆ.

ರೂಪ ತಪ್ಪಿದರೆ ಏನಾಗುತ್ತದೆ ಎಂಬುದಕ್ಕೆ ಸೈಕಿಟ್-ಲರ್ನ್‌ನಲ್ಲೇ ನಿದರ್ಶನವಿದೆ. ವರ್ಗೀಕರಣದ ಗುಣಮಟ್ಟ ತೋರಿಸುವ ಆರ್‌ಒಸಿ ವಕ್ರರೇಖೆಗೆ 2019ರ ಡಿಸೆಂಬರ್‌ನಲ್ಲಿ, 0.22 ಆವೃತ್ತಿಯಲ್ಲಿ ಒಂದು ಫಂಕ್ಷನ್ ಬಂತು. ಅದಕ್ಕೆ ತರಬೇತಿ ಪಡೆದ ಮಾದರಿಯನ್ನೇ ಕೊಡಬೇಕಿತ್ತು. ಮಾದರಿ ಇಲ್ಲದೆ ಅದರ ಊಹೆಗಳನ್ನಷ್ಟೇ ಇಟ್ಟುಕೊಂಡವರಿಗೆ ಅದು ಒದಗುತ್ತಿರಲಿಲ್ಲ. 1.0 ಆವೃತ್ತಿಯಲ್ಲಿ ಅದನ್ನು ಕೈಬಿಡುವ ಸೂಚನೆ ಕೊಟ್ಟು, 1.2ರಲ್ಲಿ ತೆಗೆದೇಬಿಟ್ಟರು. ಅದರ ಜಾಗಕ್ಕೆ ಬಂದ ವ್ಯವಸ್ಥೆಯಲ್ಲಿ ಮಾದರಿಯಿಂದ ಬಿಡಿಸುವ ದಾರಿ ಒಂದು, ಊಹೆಗಳಿಂದ ಬಿಡಿಸುವ ದಾರಿ ಇನ್ನೊಂದು. ಅನುಭವಿಗಳೇ ಮೂರು ವರ್ಷದಲ್ಲಿ ಹಳೆಯದನ್ನು ಕಿತ್ತು ಹೊಸದು ಕಟ್ಟಬೇಕಾಯಿತು. ಮೊದಲ ಹಂತದಲ್ಲಿ ಸೀಳುವಿಕೆಗೆ ಅಷ್ಟು ಒತ್ತು ಕೊಟ್ಟದ್ದು ಇದಕ್ಕಾಗಿಯೇ.

ಕನ್ನಡಿಗರಿಗೆ ಒಂದು ಪ್ರತ್ಯೇಕ ಮಾತು. ಅಕ್ಷದ ಹೆಸರುಗಳನ್ನು ಕೋಡಿನೊಳಗೆ ಇಂಗ್ಲಿಷಿನಲ್ಲೋ ಕನ್ನಡದಲ್ಲೋ ಕಟ್ಟಿಹಾಕಬೇಡಿ, ಹೊರಗಿನಿಂದ ಕೊಡುವಂತೆ ಇಡಿ. ಒತ್ತಕ್ಷರ, ಗುಣಿತಗಳನ್ನು ಸರಿಯಾಗಿ ಜೋಡಿಸುವ ವ್ಯವಸ್ಥೆ ಮ್ಯಾಟ್‌ಪ್ಲಾಟ್‌ಲಿಬ್‌ನಲ್ಲಿ ಬಹುಕಾಲ ಇರಲಿಲ್ಲ. 'ಹುಬ್ಬಳ್ಳಿ' ಎಂದು ಕೊಟ್ಟರೆ ಒತ್ತುಗಳು ಕಳಚಿಕೊಂಡು ಬೀಳುತ್ತಿದ್ದವು. ನಿಮ್ಮ ಬಳಿ ಇರುವ ಆವೃತ್ತಿಯಲ್ಲಿ ಮೊದಲು ಒಂದು ಪದ ಬರೆದು ನೋಡಿ.

ಪರೀಕ್ಷೆಯ ಕೋಡ್ ಇಲ್ಲದೆ ಯಾವ ಗಂಭೀರ ಲೈಬ್ರರಿಯೂ ಹೊಸದನ್ನು ಒಳಗೆ ಬಿಡುವುದಿಲ್ಲ. ಲೆಕ್ಕದ ಭಾಗವನ್ನು ಕೈಯಿಂದ ಲೆಕ್ಕ ಹಾಕಿದ ಉತ್ತರದೊಂದಿಗೆ ಹೋಲಿಸಿ. ಚಿತ್ರದ ಭಾಗಕ್ಕೆ ಎರಡು ಚಿತ್ರಗಳನ್ನು ಹೋಲಿಸುವ ಸೌಲಭ್ಯ ಮ್ಯಾಟ್‌ಪ್ಲಾಟ್‌ಲಿಬ್‌ನಲ್ಲೇ ಇದೆ. ಆದರೆ ಅಕ್ಷರಶೈಲಿ ಕೊಂಚ ಬದಲಾದರೂ ಚಿತ್ರ ಹೋಲಿಕೆ ಸೋಲುತ್ತದೆ. ಸಾಧ್ಯವಾದ ಕಡೆ ಗೆರೆಯ ನಿರ್ದೇಶಾಂಕಗಳನ್ನೇ ಪರೀಕ್ಷಿಸಿ.

7. ಪರವಾನಗಿ ನೋಡಿಕೊಳ್ಳಿ

ಇಲ್ಲಿ ಎಡವಿದರೆ ಆಮೇಲೆ ಸರಿಪಡಿಸುವುದು ಕಷ್ಟ. ನಂಪೈ, ಸೈಪೈಗಳದ್ದು ಬಿಎಸ್‌ಡಿ ಪರವಾನಗಿ: ಬಳಸಿ, ತಿದ್ದಿ, ಹಂಚಿ, ಮೂಲದವರ ಹೆಸರು ಉಳಿಸಿ ಎನ್ನುವ ಉದಾರ ಶರತ್ತು. ಆಕ್ಟೇವ್‌ನದ್ದು ಜಿಪಿಎಲ್: ಅದರಿಂದ ಹುಟ್ಟಿದ್ದನ್ನು ಹಂಚುವುದಾದರೆ ಅದೇ ಶರತ್ತಿನಲ್ಲಿ ಹಂಚಬೇಕು. ಆದ್ದರಿಂದ ಆಕ್ಟೇವ್ ಕೋಡನ್ನು ನೋಡಿಕೊಂಡು ಪೈಥಾನ್‌ಗೆ ಇಳಿಸಿ ಸೈಪೈಗೆ ಕಳಿಸುವಂತಿಲ್ಲ. ಹಣ ಕೊಟ್ಟು ಕೊಳ್ಳುವ ಖಾಸಗಿ ತಂತ್ರಾಂಶ ಮ್ಯಾಟ್‌ಲ್ಯಾಬ್‌ನ ಒಳಗಿನ ಕೋಡ್ ನೋಡಿ ಬರೆದದ್ದಂತೂ ಬೇಡವೇ ಬೇಡ. ಲ್ಯಾಬಿನಲ್ಲಿ ಹಿಂದಿನ ಬ್ಯಾಚಿನವರು ಬಿಟ್ಟುಹೋದ ಕಡತವನ್ನು ಆಧಾರವಾಗಿ ಬಳಸಿದ್ದರೆ ಅದು ಎಲ್ಲಿಂದ ಬಂತು ಎಂದು ವಿಚಾರಿಸಿ. ಗೊತ್ತಾಗದಿದ್ದರೆ ಪ್ರಬಂಧದಲ್ಲಿರುವ ಸೂತ್ರವನ್ನು ಮುಂದಿಟ್ಟುಕೊಂಡು ಮೊದಲಿನಿಂದ ಬರೆಯಿರಿ. ಪ್ರಾಜೆಕ್ಟ್ ಕಾಲೇಜಿನದೋ ಕಂಪನಿಯದೋ ಆಗಿದ್ದರೆ ಲಿಖಿತ ಒಪ್ಪಿಗೆ ಪಡೆಯಿರಿ.

8. ಬೇಡ ಎಂದರೆ

ನಿಮ್ಮದೇ ಸಣ್ಣ ಪ್ಯಾಕೇಜ್ ಮಾಡಿ ಪೈಪಿಐನಲ್ಲಿ, ಅಂದರೆ ಪೈಥಾನ್ ಪ್ಯಾಕೇಜುಗಳ ಸಾರ್ವಜನಿಕ ಕಣಜದಲ್ಲಿ ಇಡಿ. ಹೊರಗಿನ ಪ್ಯಾಕೇಜುಗಳೇ ತಮ್ಮದೇ ಬಗೆಯ ಅಕ್ಷಗಳನ್ನು ನೋಂದಾಯಿಸಿಕೊಳ್ಳಲು ಮ್ಯಾಟ್‌ಪ್ಲಾಟ್‌ಲಿಬ್ ಅವಕಾಶ ಕೊಡುತ್ತದೆ, ಅಂಥ ಪ್ಯಾಕೇಜುಗಳ ಪಟ್ಟಿಯನ್ನೂ ಇಟ್ಟಿದೆ. ಅದರಲ್ಲಿ ಸೇರಿಸುವಂತೆ ಕೇಳಿ. ಎರಡನೆಯ ದಾರಿ ಉದಾಹರಣೆಗಳ ಗ್ಯಾಲರಿ. ಹೊಸ ಫಂಕ್ಷನ್ ಒಪ್ಪದ ಲೈಬ್ರರಿ ಒಳ್ಳೆಯ ಉದಾಹರಣೆಯನ್ನು ಒಪ್ಪುವ ಸಾಧ್ಯತೆ ಹೆಚ್ಚು. ಅದನ್ನು ಓದಿ ಕಲಿಯುವವರೂ ಹೆಚ್ಚು. ಇದನ್ನು ನಾನು ಸಮಾಧಾನಕ್ಕಾಗಿ ಹೇಳುತ್ತಿಲ್ಲ: ಮೊದಲ ಕೊಡುಗೆ ಕೊಡುವವರಿಗೆ ಗ್ಯಾಲರಿಯ ಒಂದು ಉದಾಹರಣೆಯೇ ಸೂಕ್ತ ಎಂಬುದು ನನ್ನ ದೃಢ ಅಭಿಪ್ರಾಯ.

ಒಪ್ಪಿಕೊಂಡರೆ? ಸೇರಿದ ದಿನವೇ ಅದು ಎಲ್ಲರಿಗೂ ಸಿಗುವುದಿಲ್ಲ, ಮುಂದಿನ ಆವೃತ್ತಿ ಬಿಡುಗಡೆಯಾಗುವವರೆಗೆ ತಿಂಗಳುಗಳೇ ಹಿಡಿಯಬಹುದು. ಪ್ರಾಜೆಕ್ಟ್ ವರದಿಯಲ್ಲಿ ನೀವು ಬಳಸಿದ ಆವೃತ್ತಿಯ ಸಂಖ್ಯೆಯನ್ನು ನಮೂದಿಸಿ, ನಿಮ್ಮ ಫಂಕ್ಷನ್‌ನ ಪ್ರತಿಯನ್ನು ಅನುಬಂಧದಲ್ಲಿ ಇಡಿ. ಬಿಡುಗಡೆಯಾದ ಮೊದಲ ತಿಂಗಳಲ್ಲಿ ದೋಷ ವರದಿಗಳು ಬರುತ್ತವೆ. ಗಿಟ್‌ಹಬ್‌ನ ಸೂಚನೆಗಳು ನೀವು ದಿನವೂ ನೋಡುವ ಇಮೇಲ್‌ಗೆ ಬರುವಂತೆ ಮಾಡಿಕೊಳ್ಳಿ. ಕಾಲೇಜು ಕೊಟ್ಟ ವಿಳಾಸವನ್ನು ನೆಚ್ಚಬೇಡಿ, ಕೋರ್ಸ್ ಮುಗಿದ ಮೇಲೆ ಅದು ನಿಂತುಹೋಗಬಹುದು.